ನನ್ನ ದೃಷ್ಟಿ ತಾಗಿದ ಟೆನಿಸ್ ಹುಡುಗಿ

ಮಕ್ಕಳೇ, ನಿಮ್ಮ ಚಿಗವ್ವ ಚಿಕ್ಕವಳಿದ್ದಾಗ ಟೆನಿಸ್ ಆಡಲು ಹೊರದೇಶಕ್ಕೆ ಹೋಗಿದ್ದ ಕಥೆಯನ್ನು ಬಹಳ ಸಲ ಕೇಳಿದ್ದೀರಿ. ಆ ಪ್ರಯಾಣ ತಪ್ಪುವ ಹಾಗಾಗಿದ್ದು ನನ್ನಿಂದ ಎಂದು ನಿಮಗೆ ಯಾರೂ ಹೇಳಿಲ್ಲ. ನಿಮ್ಮ ಅಜ್ಜ ಇರುವತನಕ ನನಗೆ ಬರೆಯುವ ಧೈರ್ಯ ಬರಲಿಲ್ಲ, ಅವರ ತಮ್ಮನ ಮಗಳ ವಿಷಯ. ಬಾಯಿಬಿಟ್ಟು ಹೇಳಲು ಇವತ್ತಿಗೂ ಆಗುವುದಿಲ್ಲ.

ಆಗ ಕಲಬುರಗಿಗೆ ಗುಲ್ಬರ್ಗಾ ಎನ್ನುತ್ತಿದ್ದರು. ನಾವು, ಮೈದುನನ ಸಂಸಾರ, ಅತ್ತೆ ಎಲ್ಲರೂ ಒಂದೇ ಮನೆಯಲ್ಲಿದ್ದೆವು. ನಾನು ಕಮಲಾಪುರದ ಶಾಲೆಯಲ್ಲಿ ಏಳನೆಯ ತರಗತಿ ಓದಿ ಬಂದವಳು. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಕಾಲೇಜು ಮುಗಿಸಿದವಳು. ನನ್ನ ಮಗಳಾದ ನಿಮ್ಮ ಅವ್ವನಿಗೂ ನೆಗೆಣ್ಣಿಯ ಮಗಳಾದ ನಿಮ್ಮ ಚಿಗವ್ವನಿಗೂ ಎಂಟು ತಿಂಗಳ ಅಂತರ. ಮೈದುನ ಸಂಜೆ ಹೋಗುತ್ತಿದ್ದ ಕ್ಲಬ್ಬಿನ ಮಣ್ಣಿನ ಕೋರ್ಟಿನಲ್ಲಿ ಇಬ್ಬರೂ ಒಂದೇ ರ್ಯಾಕೆಟ್ಟಿನಿಂದ ಆಟ ಕಲಿತರು. ಆಟದ ಅಂಕಗಳು ನನಗೆ ತಿಳಿಯುತ್ತಿರಲಿಲ್ಲ. ಚಪ್ಪಲಿ ಬಿಡುವಾಗಿನ ಮುಖ ನೋಡಿದರೆ ಯಾರು ಗೆದ್ದರೆಂದು ಗೊತ್ತಾಗುತ್ತಿತ್ತು. ಹೆಚ್ಚು ಸಲ ಗೆದ್ದ ಮುಖ ನಿಮ್ಮ ಅವ್ವನದೇ.

ಅವರಿಗೆ ಹದಿನೈದು ವರ್ಷವಾದಾಗ, ಹಲವು ದೇಶಗಳ ಮಕ್ಕಳು ಸೇರಿ ಎಲ್ಲ ಬಗೆಯ ಆಟ ಆಡುವ ಒಂದು ದೊಡ್ಡ ಕ್ರೀಡಾಕೂಟಕ್ಕೆ ಆಯ್ಕೆ ನಡೆಯಿತು. ಇಬ್ಬರೂ ಬೆಂಗಳೂರಿಗೆ ಹೋದರು. ನಿಮ್ಮ ಅವ್ವ ಎರಡನೆಯ ಪಂದ್ಯದಲ್ಲೇ ಸೋತಳು. ನೆಗೆಣ್ಣಿಯ ಮಗಳು ಆಯ್ಕೆಯಾದಳು.

ಅಂದಿನಿಂದ ನನ್ನ ಹೊಟ್ಟೆಯೊಳಗೆ ಉರಿ ಶುರುವಾಯಿತು. ತವೆಯಿಂದ ಇಳಿದ ಬಿಸಿ ರೊಟ್ಟಿ ನನ್ನ ಮಗಳ ತಾಟಿಗೆ, ಬುಟ್ಟಿಯೊಳಗಿನ ಆರಿದ ರೊಟ್ಟಿ ಅವಳ ತಾಟಿಗೆ. ತವರಿನಿಂದ ಕಮಲಾಪುರದ ಕೆಂಪು ಬಾಳೆಹಣ್ಣು ಬಂದಾಗ ಅರ್ಧ ಗೊನೆಯನ್ನು ಹಾಸಿಗೆಗಳ ಹಿಂದೆ ಮುಚ್ಚಿಟ್ಟೆ. ಪತ್ರಿಕೆಯಲ್ಲಿ ಬಂದ ಅವಳ ಫೋಟೊವನ್ನು ಮೈದುನ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಹಾಲು ತೆಗೆಯಲು ಹೋದಾಗಲೆಲ್ಲ ಅವಳ ನಗು ಕಾಣಬೇಕು. ನಾನು ಹಾಲನ್ನು ಹೊರಗೇ ಇಡತೊಡಗಿದೆ. ಎರಡು ದಿನ ಒಡೆದೇ ಹೋಯಿತು.

ಹೊರಡಲು ಮೂರು ದಿನವಿದ್ದಾಗ ಅವಳಿಗೆ ಜ್ವರ ಬಂತು. ಡಾಕ್ಟರು ಗುಳಿಗೆ ಕೊಟ್ಟು, ಎರಡು ದಿನದಲ್ಲಿ ಇಳಿಯುತ್ತದೆ ಎಂದರು. ಮರುದಿನವೂ ಇಳಿಯದಿದ್ದಾಗ ಅತ್ತೆ, "ದೃಷ್ಟಿ ಆಗ್ಯಾದ. ಪೇಪರ್‌ನಾಗ ಮಾರಿ ಹಾಕ್ಯಾರ, ಊರೆಲ್ಲ ನೋಡ್ಯಾದ," ಎಂದರು.

ನೆಗೆಣ್ಣಿ ನನ್ನ ಕಡೆ ತಿರುಗಿ, "ಅಕ್ಕಾ, ನೀವ ತಗೀರಿ. ನಿಮ್ಮ ಕೈ ಛಲೋ ಅದ," ಅಂದಳು.

ದೃಷ್ಟಿ ತೆಗೆಯುವುದೆಂದರೆ ಉಪ್ಪು ಮತ್ತು ಐದು ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುವುದು. ಘಾಟು ಬಂದರೆ ದೃಷ್ಟಿ ತಾಗಿಲ್ಲ, ಬರದಿದ್ದರೆ ತಾಗಿದೆ. ತಾಗಿದೆ ಎಂದಾದರೆ ಅತ್ತೆ ಯಾರದೆಂದು ಹುಡುಕದೆ ಬಿಡುವವರಲ್ಲ. ಯಾರದೆಂದು ನನಗೆ ಗೊತ್ತಿತ್ತು. ಅಡುಗೆಮನೆಗೆ ಹೋಗಿ ಐದರ ಬದಲು ಮುಷ್ಟಿ ತುಂಬ ಖಾರದ ಕಾಯಿ ತಂದೆ, ಸೆರಗಿನಡಿ ಹಿಡಿದು ನಿವಾಳಿಸಿ ಬಚ್ಚಲ ಒಲೆಯ ಕೆಂಡಕ್ಕೆ ಸುರಿದೆ.

ಮನೆಯೆಲ್ಲ ಕೆಮ್ಮು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಏನ್ ಸುಡಲತ್ತೀರಿ? ನಮ್ಮ ಬೆಕ್ಕ ಸುದ್ದಾ ಸೀನಲತ್ತಾದ!" ಎಂದು ಕೂಗಿದಳು.

ಅತ್ತೆ ಕಣ್ಣೊರೆಸಿಕೊಂಡು, "ಇಷ್ಟು ಘಾಟ ಬಂದಾದಂದ್ರ ದೃಷ್ಟಿ ಇಲ್ಲ," ಎಂದರು. ಬಚಾವಾದೆ ಎಂದುಕೊಂಡೆ. ಅಷ್ಟರಲ್ಲಿ ಅವರು ಮುಂದುವರಿಸಿದರು. "ದೃಷ್ಟಿ ಇಲ್ಲಂದ್ರ ಇದು ಖರೇ ಜಡ್ಡು. ಜಡ್ಡಿನ ಹುಡುಗೀನ ಪರದೇಶಕ್ಕ ಕಳಸೋದು ಬ್ಯಾಡ."

ಮೈದುನ ವಾದ ಮಾಡಿದ, ನೆಗೆಣ್ಣಿ ಅತ್ತಳು. ಅತ್ತೆ ಕದಲಲಿಲ್ಲ. ನಿಜ ಹೇಳುತ್ತೇನೆ, ಮೊದಲ ಗಳಿಗೆಯಲ್ಲಿ ನನಗೆ ಹಿಗ್ಗಾಯಿತು. ಒಳಗೆ ಇಣುಕಿದೆ. ಹುಡುಗಿ ಹಾಸಿಗೆಯ ಮೇಲೆ ಕೂತು ಬ್ಯಾಗಿನಿಂದ ಒಂದೊಂದೇ ಬಟ್ಟೆ ತೆಗೆಯುತ್ತಿದ್ದಳು. ಪಕ್ಕದಲ್ಲಿ ನಿಮ್ಮ ಅವ್ವ ಅದೇ ಬಟ್ಟೆಗಳನ್ನು ಮಡಚಿ ಮತ್ತೆ ಬ್ಯಾಗಿಗೆ ತುಂಬುತ್ತಿದ್ದಳು. ಆಯ್ಕೆಯಲ್ಲಿ ಸೋತವಳು ನನ್ನ ಮಗಳು, ಸಂಕಟ ಮಾತ್ರ ನನ್ನದು.

ಅತ್ತೆಯ ಎದುರು ನಾನು ಹತ್ತು ಮಾತು ಕೂಡಿಸಿ ಆಡಿದವಳಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಅತ್ತೀ, ಐದ ಹಾಕಿಲ್ರೀ. ಮುಷ್ಟಿ ತುಂಬ ಹಾಕೀನಿ."

"ಯಾಕ?"

"ದೃಷ್ಟಿ ನಂದ ಅದರಿ."

ಅತ್ತೆ ಬೈಯಲಿಲ್ಲ. "ಅದನ್ನ ಮೊದಲ ಹೇಳಬಾರದಾ? ಸುಮ್ಮ ಅಷ್ಟು ಕಾಯಿ ಹಾಳ ಮಾಡಿದಿ. ಇಲ್ಲಿ ಬಾ, ಕಾಲ ಎತ್ತು," ಎಂದರು. ದೃಷ್ಟಿ ಯಾರದೆಂದು ಗೊತ್ತಾದರೆ ಅವರ ಕಾಲ ಕೆಳಗಿನ ಮಣ್ಣು ಬೆರೆಸಿ ನಿವಾಳಿಸುವುದು ನಮ್ಮಲ್ಲಿನ ರೂಢಿ. ನೆಗೆಣ್ಣಿ ನನ್ನ ಮುಖ ನೋಡದೆ ಬಗ್ಗಿ ನನ್ನ ಹೆಜ್ಜೆಯ ಮಣ್ಣು ತೆಗೆದುಕೊಂಡಳು. ಈ ಸಲ ಅತ್ತೆಯೇ ನಿವಾಳಿಸಿದರು. ಘಾಟು ಬಂತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ, ಮೊದಲಿನದೇ ಇನ್ನೂ ಮೂಗಿನಲ್ಲಿತ್ತು. ಅತ್ತೆ, "ಹೋತು," ಎಂದರು.

ಮರುದಿನ ಜ್ವರ ಇಳಿಯಿತು. ಡಾಕ್ಟರು ಹೇಳಿದ ಎರಡು ದಿನವೂ ಅಷ್ಟಕ್ಕೇ ಮುಗಿದಿತ್ತು. ಅತ್ತೆಯ ಮುಂದೆ ಯಾರೂ ಅದನ್ನು ಎತ್ತಲಿಲ್ಲ.

ರೈಲಿನ ಕಿಟಕಿಯಿಂದ ಅವಳು ನನ್ನನ್ನು ಕೂಗಿ, "ದೊಡ್ಡವ್ವಾ, ನಾ ಸರ್ವ್ ಮಾಡೋವಾಗ ನನ್ನ ನೆನಸಬ್ಯಾಡ!" ಅಂದಳು. ಎಲ್ಲರೂ ನಕ್ಕರು, ನೆಗೆಣ್ಣಿ ಒಬ್ಬಳನ್ನು ಬಿಟ್ಟು. ನಾನು ರೈಲು ಹೋಗುವತನಕ ಪ್ಲಾಟ್‌ಫಾರ್ಮಿನ ಕಲ್ಲು ನೋಡುತ್ತ ನಿಂತೆ. ನನ್ನ ಮಗಳು ಆ ಕಿಟಕಿಯೊಳಗೆ ಇಲ್ಲವಲ್ಲ ಎಂದು ಆಗಲೂ ಉರಿಯುತ್ತಲೇ ಇತ್ತು.

ಅಲ್ಲಿ ಅವಳು ಮೊದಲ ಪಂದ್ಯ ಗೆದ್ದು, ಎರಡನೆಯದರಲ್ಲಿ ಸೋತಳು. ಸೋತ ಸುದ್ದಿಯ ಫೋನ್ ಬಂದಾಗ ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದರು. ಯಾರೂ ನನ್ನ ಕಡೆ ನೋಡಲಿಲ್ಲ. ನೋಡದೆ ಇರಲು ಒಬ್ಬೊಬ್ಬರು ಪಡುತ್ತಿದ್ದ ಕಷ್ಟ ನನಗೆ ಕಾಣುತ್ತಿತ್ತು.