ಪಕ್ಕದ ಮನೆಯ ಮಗು

ಹೋಗು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾದಿನಿಯನ್ನು ನೋಡಲು ಹೊಳಲೂರಿನ ಗಂಡಿನ ಕಡೆಯವರು ಭಾನುವಾರ ಮಧ್ಯಾಹ್ನ ಮೂರಕ್ಕೆ ಬರುತ್ತಾರೆಂದು ಗೊತ್ತಾದಾಗ, ಮಗಳನ್ನು ಕರೆದುಕೊಂಡು ಭದ್ರಾವತಿಯ ತವರಿಗೆ ಹೋಗಿಬಿಡುತ್ತೇನೆ ಎಂದವಳು ನಾನೇ. ಅತ್ತೆ ಬೇಡ ಅನ್ನಲಿಲ್ಲ. ಅನ್ನಲಿ ಎಂದು ಎರಡು ನಿಮಿಷ ಅಲ್ಲೇ ನಿಂತಿದ್ದೆ.

ಮಗಳಿಗೆ ಆಗ ಆರು ವರ್ಷ. ಮಾತಿಲ್ಲ, ಕರೆದರೆ ತಿರುಗುವುದಿಲ್ಲ, ಹೊಸಬರ ದನಿ ಏರಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ಡಾಕ್ಟರು ಆಟಿಸಂ ಎಂದು ಚೀಟಿಯಲ್ಲಿ ಬರೆದುಕೊಟ್ಟು ವರ್ಷವಾಗಿತ್ತು. ಆ ಚೀಟಿಯನ್ನು ಸೀರೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದೆ. ನಾಲಿಗೆಗೆ ಬಜೆ ತೇಯ್ದು ಹಚ್ಚು ಎಂದರು ನೆಂಟರು. ಹಚ್ಚಿ ಹಚ್ಚಿ ಬಜೆ ಸವೆಯಿತು, ಮಾತು ಬರಲಿಲ್ಲ. ಇಂಥ ಮಗುವಿರುವ ಮನೆತನ ಬೇಡವೆಂದು ನಾದಿನಿಯ ಒಂದು ಸಂಬಂಧ ಆಗಲೇ ತಪ್ಪಿತ್ತು. ಇದೂ ತಪ್ಪಿದರೆ ನಾನು ಯಾರಿಗೆ ಮುಖ ತೋರಿಸಲಿ?

ಆ ಭಾನುವಾರ ತವರಿನಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದೆ. ಬಡಿಸಿದ್ದು ತಟ್ಟೆಯಲ್ಲೇ ಆರಿತು. ಗಡಿಯಾರ ನೋಡುವುದು, ಬಾಗಿಲಿಗೆ ಹೋಗುವುದು, ಮತ್ತೆ ಗಡಿಯಾರ.

"ಒಂದ್ಕಡೆ ಕೂತ್ಕೊಳ್ಳೇ ಮಾರಾಯ್ತಿ, ನಿನ್ನ ನೋಡಿ ನಂಗೇ ತಲೆ ಸುತ್ತುತ್ತೆ," ಎಂದಳು ಅಮ್ಮ.

ಅವರು ಹೊರಟರೇ ಎಂದು ಕೇಳೋಣವೆಂದರೆ ಗಂಡನ ಮನೆಗೆ ಆಗಿನ್ನೂ ಫೋನು ಬಂದಿರಲಿಲ್ಲ. ಮೂರಕ್ಕೆ ಬಂದವರು ನಾಲ್ಕೂವರೆಯೊಳಗೆ ಹೊರಟಿರುತ್ತಾರೆ ಎಂದುಕೊಂಡು ನಾಲ್ಕರ ಬಸ್ಸು ಹತ್ತಿದೆ.

ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ನೀರು ಕುಡಿಯಲೂ ಪಂಚಾಂಗ ನೋಡುವ ಮನೆಯ ಸೊಸೆ, ಅದನ್ನೇ ಮರೆತಿದ್ದೆ. ತಡವಾಗಿ ಬಂದಿದ್ದ ಗಂಡಿನ ಕಡೆಯವರು ಹುಡುಗಿಯನ್ನು ಮೆಚ್ಚಿ, ಒಪ್ಪಿಗೆಯ ಮಾತನ್ನು ರಾಹುಕಾಲ ಕಳೆದ ಮೇಲೆ ಆಡೋಣವೆಂದು ಕೂತುಬಿಟ್ಟಿದ್ದರು. ವಿನೋಬನಗರದ ನಮ್ಮ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡು ಮಗಳನ್ನು ಹಿಂದಕ್ಕೆ ಎಳೆದುಕೊಂಡೆ. ಮಗಳು ಕೈ ಬಿಡಿಸಿಕೊಂಡು ಓಡಿ, ಅಲ್ಲೇ ಕುಕ್ಕರಗಾಲಲ್ಲಿ ಕೂತು ಅವನ್ನು ಒಂದೊಂದಾಗಿ ಜೋಡಿಸತೊಡಗಿದಳು.

ಎಲೆಅಡಿಕೆ ಉಗಿಯಲು ಗಂಡಿನ ತಾಯಿ ಹೊರಗೆ ಬಂದರು. ನನ್ನನ್ನೂ ಮಗುವನ್ನೂ ನೋಡಿದರು.

"ಯಾರ ಮಗು ಇದು?"

"ಪಕ್ಕದ್ಮನೇದು," ಎಂದೆ.

ಅವರಿಗೆ ಬಾಯಿ ತೊಳೆಯಲು ನೀರು ತಂದ ನಾದಿನಿ ಚೊಂಬು ಹಿಡಿದು ಅಲ್ಲೇ ನಿಂತಳು.

"ಅಲ್ಲ, ನಮ್ಮಣ್ಣನ ಮಗಳು. ಇವ್ರು ನಮ್ಮತ್ತಿಗೆ. ಮಗೂಗೆ ಮಾತು ಬರಲ್ಲ, ಅದಕ್ಕೇ ಹೆದ್ರಿಕೊಂಡು ಹಾಗಂದ್ರು," ಎಂದಳು ತಣ್ಣಗೆ.

ರಾಹುಕಾಲ ಕಳೆಯಿತು. ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಅವರು ಎದ್ದರು. ತಿಳಿಸಲಿಲ್ಲ. ನಾದಿನಿ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಗಳಿಗೆ ಏನೂ ಅರ್ಥವಾಗುವುದಿಲ್ಲ ಎಂದು ಯಾರಾದರೂ ಅಂದರೆ ಮೈಮೇಲೆ ಹರಿಹಾಯುವವಳು ನಾನು. ಆ ಸಂಜೆ ಅವಳಿಗೆ ಅನ್ನ ಕಲಸಿ ತಿನ್ನಿಸುವಾಗ, ನಾನಾಡಿದ ಮಾತು ಅವಳಿಗೆ ಅರ್ಥವಾಗದೆ ಇರಲಪ್ಪಾ ಎಂದು ಬೇಡಿಕೊಂಡೆ.