ಹಾಫ್ ಕ್ಲಚ್ ಮೇಷ್ಟ್ರ ಎರಡು ಕ್ಲಚ್ಚಿನ ಕಾರು

ಇಪ್ಪತ್ತಾರು ವರ್ಷ ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಪಕ್ಕದ ಸೀಟಿನಲ್ಲೇ ಕೂತು ಆಯುಷ್ಯ ಸವೆಸಿದ ಆ ಮನುಷ್ಯನಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಲೈಸೆನ್ಸಿನ ಮೇಲೆ ಮಾತ್ರ ಉಳಿದಿತ್ತು. ಊರಿಗೆಲ್ಲ ಅವರು ಹಾಫ್ ಕ್ಲಚ್ ಮೇಷ್ಟ್ರು. ನೀರಿನ ಟ್ಯಾಂಕಿನ ಕಡೆ ಹೋಗುವ ಏರಿನ ನಟ್ಟನಡುವೆ ಕಲಿಯುವವರ ಕೈಯಲ್ಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರದ ಬೆನ್ನಿಗೆ ಒಂದು ಬೆಂಕಿಪೊಟ್ಟಣ ಇಟ್ಟು ಬರುತ್ತಿದ್ದರು. ಆಮೇಲೆ ಬ್ರೇಕಿನಿಂದ ಕಾಲು ತೆಗೆಯಬೇಕು. ಅರ್ಧ ಕ್ಲಚ್ಚು, ಒಂದಿಷ್ಟು ಆಕ್ಸಿಲರೇಟರು, ಅಷ್ಟರಲ್ಲೇ ಕಾರು ಅತ್ತ ಇತ್ತ ಹಂದದೆ ನಿಲ್ಲಬೇಕು. ಪೊಟ್ಟಣ ಅಪ್ಪಚ್ಚಿಯಾದರೆ ಪಾಠ ಮತ್ತೆ ಮೊದಲಿನಿಂದ. ಊರಿನ ಅರ್ಧ ಜನ ಆ ಏರಿನಲ್ಲಿ ಬೆವರಿಳಿಸಿದವರೇ. ಮೇಷ್ಟ್ರಿಗೆ ಅದರ ಮೇಲೆ ಎಷ್ಟು ಅಭಿಮಾನವೆಂದರೆ, ಅವರು ತಾವು ಓಡಿಸುವಾಗಲೂ ಏರಿನಲ್ಲಿ ಬ್ರೇಕು ಮುಟ್ಟುತ್ತಿರಲಿಲ್ಲ.

ಕ್ಲಚ್ಚು ಒತ್ತಿ ಒತ್ತಿ ಮಂಡಿ ಕೈಕೊಟ್ಟಿತು. ಇನ್ನು ಆ ಕಾಲಿಗೆ ಕೆಲಸ ಕೊಡಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಸ್ಕೂಲಿನವರು ಅವರನ್ನು ರಸ್ತೆ ನಿಯಮ ಹೇಳಿಕೊಡುವ ತರಗತಿಗೆ ಕೂರಿಸಿದರು. ಮನೆಗೆ ಅವರು ಒಂದು ಆಟೋಮ್ಯಾಟಿಕ್ ಕಾರು ತಂದರು, ಬೇರೆಯವರು ನಾಲ್ಕು ವರ್ಷ ಓಡಿಸಿ ಬಿಟ್ಟಿದ್ದು. ಕಾಲಿಗೆ ಎರಡೇ ಪೆಡಲು, ಆದರೆ ಹೊಟ್ಟೆಯೊಳಗೆ ಎರಡು ಕ್ಲಚ್ಚು; ಗೇರು ಬದಲಿಸುವ ಕೆಲಸವೆಲ್ಲ ಅದರದ್ದೇ. ಒಂದೇ ಕ್ಲಚ್ಚಿನಲ್ಲಿ ಇಷ್ಟು ಹೆಸರು ಮಾಡಿದವನಿಗೆ ಎರಡು ಸಿಕ್ಕರೆ ಕೇಳಬೇಕೇ ಎಂದು ಷಡ್ಡಕನ ಮುಂದೆ ಬೀಗಿದರು.

ಕಾರಿನಿಂದ ನಿಜವಾಗಿ ಸುಖ ಕಂಡವಳು ಹೆಂಡತಿ. ಆಕೆಗೆ ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸ. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಆಕೆಯನ್ನೂ ಆ ಏರಿಗೆ ಕರೆದೊಯ್ದಿದ್ದರು. ಮೂರು ಪೊಟ್ಟಣ ಅಪ್ಪಚ್ಚಿಯಾದವು, ಮೇಷ್ಟ್ರು ನಕ್ಕರು, ಆಕೆ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಈಗ ಎರಡೇ ಪೆಡಲು ಎಂದು ಧೈರ್ಯ ಮಾಡಿ ಐವತ್ತೊಂದನೆಯ ವಯಸ್ಸಿನಲ್ಲಿ ಲೈಸೆನ್ಸು ತೆಗೆದುಕೊಂಡಳು. ಮೂರು ಬಸ್ಸು ಬದಲಿಸಿ ಆಸ್ಪತ್ರೆ ಸೇರುತ್ತಿದ್ದವಳು ವಾರಕ್ಕೆರಡು ದಿನ ತಾನೇ ಓಡಿಸಿಕೊಂಡು ಹೋಗತೊಡಗಿದಳು. ಕಾರು ನಿಲ್ಲಿಸಿ ಒಳಗೆ ಬರುವಾಗ ಆಕೆಯ ನಡಿಗೆಯೇ ಬೇರೆ ಇರುತ್ತಿತ್ತು.

ಒಂದು ಬೆಳಿಗ್ಗೆ ಮಾರ್ಕೆಟ್ ಸರ್ಕಲ್ಲಿನಲ್ಲಿ ಮೇಷ್ಟ್ರು ಒಬ್ಬರೇ ಇದ್ದರು. ವೇಗ ತಗ್ಗಿಸಿ, ಸಂದು ಸಿಕ್ಕಿತೆಂದು ಆಕ್ಸಿಲರೇಟರ್ ಒತ್ತಿದರು. ಕಾರು ಹೋಗಲಿಲ್ಲ. ಇಂಜಿನ್ನು ಗುರ್ರೆಂದಿತು ಅಷ್ಟೇ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ಒಳಗಿನ ಎರಡೂ ಕ್ಲಚ್ಚು ನಾನೋ ನೀನೋ ಎಂದು ಯೋಚಿಸುತ್ತಾ ಕೂತವು. ಒಂದೂವರೆ ಸೆಕೆಂಡು ಕಳೆದ ಮೇಲೆ ಯಾರೋ ಹಿಂದಿನಿಂದ ಒದ್ದಂತೆ ಮುಂದಕ್ಕೆ ನೆಗೆಯಿತು. ಅಷ್ಟರಲ್ಲಿ ಹಿಂದೆ ಹಾರ್ನುಗಳ ಸುರಿಮಳೆ. ಪಕ್ಕದಲ್ಲಿ ಸ್ಕೂಟರಿನ ಮೇಲಿದ್ದವನು ಹಳೆಯ ಶಿಷ್ಯ. "ಏನ್ ಮೇಷ್ಟ್ರೇ, ಕ್ಲಚ್ ಬಿಡೋದು ಮರ್ತುಹೋಯ್ತಾ?" ಎಂದು ಕೇಳಿ ಹೋದ. ಮೇಷ್ಟ್ರು ಹಲ್ಲು ಕಿರಿದರು. ಕಿವಿ ಮಾತ್ರ ಸಂಜೆಯವರೆಗೂ ಬಿಸಿಯಾಗಿತ್ತು.

ಆ ವಾರದಲ್ಲೇ ಇನ್ನೂ ಎರಡು ಸಲ ಹಾಗಾಯಿತು. ಮೇಷ್ಟ್ರು ಯಾರಿಗೂ ಹೇಳಲಿಲ್ಲ. ಊರಿಗೆ ಓಡಿಸಲು ಕಲಿಸಿದವನ ಕಾರು ಸರ್ಕಲ್ಲಿನಲ್ಲಿ ನಿಲ್ಲುತ್ತದೆ ಎಂದು ಗೊತ್ತಾದರೆ ಮುಖ ಎಲ್ಲಿ ಇಟ್ಟುಕೊಳ್ಳುವುದು? ಸರ್ಕಲ್ಲು ತಪ್ಪಿಸಿ ಗಲ್ಲಿಗಳಲ್ಲಿ ಸುತ್ತಿಕೊಂಡು ಹೋಗತೊಡಗಿದರು. ಈಚೆಗೆ ನಿಮಗೂ ವಯಸ್ಸಾಯಿತು ಎಂದು ಹೆಂಡತಿ ತಮಾಷೆ ಮಾಡಿದಳು; ಅವರು ಹೌದೆಂದು ಒಪ್ಪಿಕೊಂಡರು. ಕಾರು ನಿಲ್ಲುತ್ತದೆ ಎನ್ನುವುದಕ್ಕಿಂತ ವಯಸ್ಸಾಗಿದೆ ಎನ್ನುವುದು ಅವರಿಗೆ ಮೇಲಾಗಿ ಕಂಡಿತು.

ಸ್ಕೂಲಿನಲ್ಲಿ ಒಂದು ಪದ್ಧತಿ ಇದೆ. ಒಬ್ಬ ಮೇಷ್ಟ್ರು ಇನ್ನೊಬ್ಬರಿಗೆ ಕಾರು ಒಪ್ಪಿಸುವಾಗ ಬರೀ ಕೀ ಕೊಡುವ ಹಾಗಿಲ್ಲ. ಬ್ರೇಕು ಒಂದು ಕಡೆ ಎಳೆಯುತ್ತದೆ, ಎರಡನೇ ಗೇರು ಬಿಗಿ, ಒಂದು ಕನ್ನಡಿ ಸಡಿಲ ಎಂದು ಗಾಡಿಯ ಕಾಯಿಲೆಯನ್ನೆಲ್ಲ ಬಾಯಿಬಿಟ್ಟು ಹೇಳಿಯೇ ಕೊಡಬೇಕು. ಆ ಪದ್ಧತಿ ಹಾಕಿದವರೇ ನಮ್ಮ ಮೇಷ್ಟ್ರು. ಆ ಭಾನುವಾರ ನಾದಿನಿ, ಷಡ್ಡಕ ಇಬ್ಬರನ್ನೂ ಹಿಂದೆ ಕೂರಿಸಿಕೊಂಡು ಹೊರಟಾಗ ಹೆಂಡತಿ ತಾನು ಓಡಿಸುತ್ತೇನೆ ಎಂದಳು. ತಂಗಿಯ ಮುಂದೆ ಓಡಿಸಿ ತೋರಿಸುವ ಆಸೆ. ಮೇಷ್ಟ್ರು ಕೀ ಕೊಟ್ಟರು. ಬರೀ ಕೀ ಕೊಟ್ಟರು.

ಸರ್ಕಲ್ಲಿನಲ್ಲಿ ಆಕೆ ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ನಿಧಾನಿಸಿದಳು, ನೋಡಿದಳು, ಬಸ್ಸು ದೂರವಿದೆ ಎಂದು ಖಚಿತ ಮಾಡಿಕೊಂಡು ಆಕ್ಸಿಲರೇಟರ್ ಒತ್ತಿದಳು. ಕಾರು ರಸ್ತೆಯ ಮಧ್ಯಕ್ಕೆ ಮೂಗು ಚಾಚಿ ನಿಂತುಬಿಟ್ಟಿತು. ಬಸ್ಸು ಕಿರ್ರೆಂದು ಬ್ರೇಕು ಹಾಕಿ ಒಂದು ಗೇಣು ದೂರದಲ್ಲಿ ನಿಂತಿತು. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿಗೆ ಬಂದಂತೆ ಬೈದ. ಇದು ಹೋಗ್ತಾನೇ ಇಲ್ಲ ಎಂದು ಆಕೆ ತೊದಲಿದಳು. ಹಿಂದಿನ ಸೀಟಿನಲ್ಲಿ ಷಡ್ಡಕ ಕೂತಿದ್ದಾನೆ ಎನ್ನುವುದೊಂದೇ ಆಗ ಮೇಷ್ಟ್ರ ತಲೆಯಲ್ಲಿ ಇದ್ದದ್ದು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದುಬಿಟ್ಟರು. "ಇಳಿ, ಈ ಕಡೆ ಬಾ."

ಷಡ್ಡಕ ಕಿಸಕ್ಕೆಂದ. ನೆಲ ಡೊಂಕೆಂದು ಆ ಕಾರಿನಲ್ಲಿ ಗೊತ್ತಿದ್ದವರು ಒಬ್ಬರೇ, ಗಾದೆ ಹೇಳಿದವರು. ಹೆಂಡತಿ ಸೀಟು ಬದಲಿಸಿದಳು, ಎರಡೂ ಕೈ ಮಡಿಲಲ್ಲಿಟ್ಟು ಕೂತಳು. ನನ್ನ ಕಾಲೇ ಸರಿಯಾಗಿ ಒತ್ತಲಿಲ್ಲವೇನೋ ಎಂದು ತಂಗಿಗೆ ಹೇಳುವುದು ಮೇಷ್ಟ್ರಿಗೆ ಕೇಳಿಸಿತು. ಇಲ್ಲ ಎನ್ನಲು ಅದೇ ಗಳಿಗೆ ಸಾಕಿತ್ತು. ಅವರು ಹಾರ್ನು ಹೊಡೆದರು.

ಮಾರನೆಯ ದಿನದಿಂದ ಆಕೆಗೆ ಮತ್ತೆ ಮೂರು ಬಸ್ಸು. ಬಾ, ಬಿಟ್ಟು ಬರುತ್ತೇನೆ ಎಂದರೆ ಬೇಡ ಎಂದಳು, ಸಿಟ್ಟಿಲ್ಲದೆ. ಸಿಟ್ಟು ಮಾಡಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತು. ಬೆಳಿಗ್ಗೆ ಆಕೆ ಊಟದ ಡಬ್ಬಿ ಹಿಡಿದು ಗೇಟು ದಾಟುವಾಗ ಅವರು ಪೇಪರು ಎತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮನೆಗೆ ಬಂದವರು ಸುಮ್ಮನೆ ಕಾರು ಹೇಗಿದೆ ಎಂದರೂ ಬೆಚ್ಚುತ್ತಿದ್ದರು. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದರು, ಕಾಫಿ ಕೇಳಿ ಮುಚ್ಚಿದರು. ಹಾಗೇ ಒಂದೂವರೆ ತಿಂಗಳು ಕಳೆಯಿತು.

ಕೊನೆಗೆ ಫ್ಲೈಓವರಿನ ಏರಿನಲ್ಲಿ, ಸಾಲುಗಟ್ಟಿ ನಿಂತ ಗಾಡಿಗಳ ನಡುವೆ, ಕಾರು ಸುಟ್ಟ ವಾಸನೆ ಬಿಟ್ಟು ಕೆಂಪು ದೀಪ ಹಚ್ಚಿತು. ತಳ್ಳಿಸಿಕೊಂಡು ಗ್ಯಾರೇಜು ಮುಟ್ಟಬೇಕಾಯಿತು. ಮೆಕ್ಯಾನಿಕ್ಕೂ ಹಳೆಯ ಶಿಷ್ಯನೇ. ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ಎಷ್ಟೋ ಹೊತ್ತು ನೋಡಿದ. ಈ ಜಾತಿಯ ಗಾಡಿ ಮೊದಲೇ ಸ್ವಲ್ಪ ಯೋಚಿಸುವಂಥದ್ದು, ಆದರೆ ಇದರ ಕ್ಲಚ್ಚು ಬೆಂದುಹೋಗಿರುವುದರಿಂದ ರೋಗ ಇಮ್ಮಡಿಯಾಗಿದೆ ಎಂದ.

"ಯಾರೋ ಏರಲ್ಲಿ ಬ್ರೇಕ್ ಹಿಡೀದೆ ಆಕ್ಸಿಲರೇಟರ್ ಮೇಲೇ ನಿಲ್ಲಿಸ್ತಿದ್ದಾರೆ ಮೇಷ್ಟ್ರೇ. ಇದರಲ್ಲಿ ಹಂಗೆ ಮಾಡಿದ್ರೆ ಕ್ಲಚ್ಚು ಉಜ್ಜಿ ಉಜ್ಜಿ ಸುಟ್ಟೋಗುತ್ತೆ. ಅಮ್ಮಾವ್ರಾ?"

ಮೇಷ್ಟ್ರು ಹ್ಞೂಂ ಎಂದರು.

ಹೊಸಬರು, ಬಿಡಿ ಎಂದು ಆತ ಸಮಾಧಾನ ಹೇಳಿದ. ಬಸ್ಸಿನಲ್ಲಿ ಮನೆಗೆ ಬರುವಾಗ ಮೇಷ್ಟ್ರಿಗೆ ತಮ್ಮ ಮೇಲೆ ಎಷ್ಟು ಹೇಸಿಗೆಯಾಯಿತೆಂದರೆ ಪಕ್ಕದವರ ಮೈ ತಾಕದಂತೆ ಮುದುರಿ ಕೂತರು. ಮೊದಲ ಸಲ ಬಾಯಿ ತಪ್ಪಿ ಬಂದಿತ್ತು ಎನ್ನಬಹುದು. ಈ ಸಲ ಹಿಂದೆ ಷಡ್ಡಕನಿರಲಿಲ್ಲ, ಯಾರೂ ನಗುತ್ತಿರಲಿಲ್ಲ, ಆದರೂ ಹೆಂಡತಿಯನ್ನೇ ಮುಂದೆ ತಳ್ಳಿದ್ದರು.

ಆಕೆಗೆ ಅಂದು ಅರ್ಧ ದಿನ. ಬಾಗಿಲು ಓರೆಯಾಗಿತ್ತು. ಒಳಗೆ ಹೆಜ್ಜೆಯಿಟ್ಟ ಮೇಷ್ಟ್ರು ನಡುಮನೆಯ ಹೊಸ್ತಿಲಲ್ಲೇ ನಿಂತರು. ಹೆಂಡತಿ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಮೈತೂಕ ನೋಡುವ ಯಂತ್ರವನ್ನು ಪುಸ್ತಕದ ಕಟ್ಟಿಗೆ ಓರೆಯಾಗಿ ಆನಿಸಿ, ಅದರ ಮೇಲೆ ಬಲಗಾಲಿಟ್ಟು ಮೆಲ್ಲಗೆ ಒತ್ತುತ್ತಿದ್ದಳು. ಮುಳ್ಳು ಎರಡಕ್ಕೆ, ಮೂರಕ್ಕೆ, ನಾಲ್ಕಕ್ಕೆ. ಬಿಡುವುದು, ಮತ್ತೆ ಒತ್ತುವುದು. ಪಕ್ಕದಲ್ಲಿ ಆಸ್ಪತ್ರೆಯ ಚೀಟಿಯ ಹಿಂದೆ ಅಂಕಿಗಳ ಸಾಲು, ಮೇಲೆ ತಾರೀಖು. ಅಂಥ ಚೀಟಿಗಳು ಒಂದಲ್ಲ, ಪಿನ್ನು ಹೊಡೆದ ಒಂದು ಕಂತೆಯೇ ಇತ್ತು.

ಗಂಡನನ್ನು ನೋಡಿ ಆಕೆ ನಾಚಿಕೊಂಡು ಕಾಲೆಳೆದುಕೊಂಡಳು. ಕಾಲು ಒಂದೇ ಸಮ ಒತ್ತುವುದು ರೂಢಿಯಾಗಲಿ ಎಂದು ಮಾಡುತ್ತಿದ್ದೇನೆ, ನಗಬೇಡಿ ಎಂದಳು. ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಗ ಹೇಳಿದರು. ನಿಂತೇ ಹೇಳಿದರು. ಸ್ಕೂಟರಿನವನು, ಗಲ್ಲಿ ಸುತ್ತಿದ್ದು, ಏರಿನಲ್ಲಿ ಕ್ಲಚ್ಚು ಸುಟ್ಟವರು ತಾವು ಎನ್ನುವುದು, ಗ್ಯಾರೇಜಿನ ಹ್ಞೂಂ, ಒಂದನ್ನೂ ಬಿಡಲಿಲ್ಲ. ನಿನ್ನ ಕಾಲಿನಲ್ಲಿ ಒಂದು ಚೂರೂ ತಪ್ಪಿಲ್ಲ ಎಂದರು.

ಬೈದದ್ದನ್ನು ಎತ್ತಿ ಆಡುತ್ತಾಳೆ, ಷಡ್ಡಕನ ನಗೆಯನ್ನು ಎತ್ತಿ ಆಡುತ್ತಾಳೆ ಎಂದು ಕಾದರು. ಆಕೆ ಬೇರೆಯೇ ಕೇಳಿದಳು.

"ಆವತ್ತು ನನಗೆ ಕೀ ಕೊಟ್ರಲ್ಲ, ಇದು ಹೀಗೆ ನಿಂತುಬಿಡುತ್ತೆ ಅಂತ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಬಸ್ಸು ನನ್ನ ಬಾಗಿಲ ಕಡೆಯಿಂದ ಬಂತು, ರೀ."

ಒಂದೂವರೆ ತಿಂಗಳಲ್ಲಿ ಮೇಷ್ಟ್ರು ತಮ್ಮ ಮಾನದ ಲೆಕ್ಕವನ್ನೇ ಹಾಕಿದ್ದರು. ಬಸ್ಸು ಯಾವ ಕಡೆಯಿಂದ ಬಂತೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಆಕೆ ಯಂತ್ರವನ್ನು ಎತ್ತಿ ಮಂಚದ ಕೆಳಗೆ ಸರಿಸಿ, ಮುಖ ತೊಳೆಯಲು ಹೋದಳು.

ಕಾರು ಆರು ದಿನ ಗ್ಯಾರೇಜಿನಲ್ಲಿತ್ತು. ಮೇಷ್ಟ್ರು ಯಾರೂ ಹೇಳದೆ ಮೆಕ್ಯಾನಿಕ್ಕಿಗೆ ಫೋನು ಮಾಡಿ ನಿಜ ಹೇಳಿದರು, ಆತ ಪಾಪ ಕೆಮ್ಮಿದ. ಷಡ್ಡಕನಿಗೂ ಹೇಳಿದರು. ಯಾವುದಕ್ಕೂ ಒಂದು ಜೋಕು ಇಟ್ಟುಕೊಂಡಿರುವ ಆತ ಹೌದಾ ಎಂದು ಫೋನಿಟ್ಟ.

ರಿಪೇರಿಯಾದ ಕಾರು ಬಂದ ಬೆಳಿಗ್ಗೆ ಹೆಂಡತಿ ಕೀಗಾಗಿ ಕೈಯೊಡ್ಡಿ, ಇದರ ಕಾಯಿಲೆಯನ್ನೆಲ್ಲ ಈಗ ಹೇಳಿ ಎಂದಳು. ಆಕೆ ಸ್ಟೇರಿಂಗ್ ಮುಂದೆ ಕೂತ ಮೇಲೆ ಮೇಷ್ಟ್ರು ಕಿಟಕಿಯ ಹೊರಗೆ ಬಗ್ಗಿ ನಿಂತು ಹೇಳಿದರು. ಹೊಸ ಕ್ಲಚ್ಚು ಹಾಕಿದರೂ ಇದು ಒಂದು ಗಳಿಗೆ ಯೋಚಿಸುವುದು ಪೂರ್ತಿ ಹೋಗುವುದಿಲ್ಲ. ಸರ್ಕಲ್ಲಿನಲ್ಲಿ ತೆವಳುತ್ತಾ ಹೋಗಬಾರದು, ಪೂರ್ತಿ ನಿಲ್ಲಬೇಕು. ಸಂದು ದೊಡ್ಡದಿದ್ದರೆ ಮಾತ್ರ ನುಗ್ಗಬೇಕು. ಏರಿನಲ್ಲಿ ಬ್ರೇಕೇ ಹಿಡಿಯಬೇಕು, ನನ್ನ ಹಾಗೆ ಅಲ್ಲ. ಆಕೆ ನಡುನಡುವೆ ಪ್ರಶ್ನೆ ಕೇಳಿದಳು. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಗಮನವಿಟ್ಟು ಕೇಳಿದವರು ಮೇಷ್ಟ್ರಿಗೆ ಸಿಕ್ಕಿರಲಿಲ್ಲ. ಪಾಠ ಮುಗಿಯಿತು. ಅವರು ಸುತ್ತಿ ಬಂದು, ಅಭ್ಯಾಸಬಲದಿಂದ ಪಕ್ಕದ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟರು.

"ನೀವು ಬರಬೇಡಿ" ಎಂದಳು ಆಕೆ. ದನಿಯಲ್ಲಿ ಗಡಸಿರಲಿಲ್ಲ. "ನೀವು ಪಕ್ಕದಲ್ಲಿ ಕೂತ್ರೆ ನನ್ನ ಕಾಲನ್ನ ನಾನು ನಂಬೋಕಾಗಲ್ಲ."

ಮೇಷ್ಟ್ರು ಕಾಲು ಹೊರಗೆಳೆದುಕೊಂಡು ಬಾಗಿಲು ಹಾಕಿದರು. ಕಾರು ಒಂದು ಗಳಿಗೆ ತಡೆದು ಹೊರಟಿತು, ತಿರುವಿನಲ್ಲಿ ಪೂರ್ತಿ ನಿಂತಿತು, ಎರಡೂ ಕಡೆ ನೋಡಿಕೊಂಡು ಮರೆಯಾಯಿತು. ಅವರಿಗೂ ತರಗತಿಗೆ ಹೊತ್ತಾಗಿತ್ತು. ಗೇಟು ಹಾಕಿ ಬಸ್ ಸ್ಟಾಪಿನ ಕಡೆ ನಡೆದರು.