ಸುಬೇದಾರ ಕೊಟ್ಟ ನೀರು

ಚಿಕ್ಕಹನುಮಯ್ಯನವರನ್ನು ನಾನು ಮೊದಲು ನೋಡಿದ್ದು ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಮೂಡಲಪಾಳ್ಯದ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಕೆಳಗೆ ರಾಗಿ ಬೀಸುತ್ತಿದ್ದರು. ನೆಲ ಸಣ್ಣಗೆ ನಡುಗುತ್ತಿತ್ತು. ಅವರು ಕಿಟಕಿಯ ಪಕ್ಕ ಚಾಪೆಯ ಮೇಲೆ ಕುಳಿತು ಒಂದು ಕೆಂಪು ಕೋಟಿಗೆ ಹಿತ್ತಾಳೆ ಗುಂಡಿ ಹೊಲಿಯುತ್ತಿದ್ದರು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಪಕ್ಕದಲ್ಲಿ ತಗಡಿನ ಕತ್ತಿ, ಅದರ ಮೇಲೆ ಮಡಿಸಿಟ್ಟ ಟವೆಲ್.

"ನಾಟಕ ಬರೆದ ಮೇಷ್ಟ್ರು ನೀವೇನಾ? ತಿಂಡಿ ಆಯ್ತಾ?"

"ಆಯ್ತು ಸಾರ್."

"ನನಗೆ ಸಾರ್ ಅನ್ಬೇಡಿ. ನಾನು ಸೆಕ್ಯುರಿಟಿ. ಎಲ್ರಿಗೂ ಸಾರ್ ಅನ್ನೋನು ನಾನು."

ರಾಜ್ಯೋತ್ಸವಕ್ಕೆಂದು ಅಲ್ಲಿನ ಹವ್ಯಾಸಿ ತಂಡ ನನ್ನಿಂದ ಒಂದು ನಾಟಕ ಬರೆಸಿತ್ತು. ನಾನು ವಿಜಯನಗರದ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ನಾಟಕದ ಪಾಳೇಗಾರ, ಕೋಟೆ, ಯುದ್ಧ ಎಲ್ಲವೂ ಕಲ್ಪನೆ. ಪಾಳೇಗಾರ ಕಂಪನಿ ಸರ್ಕಾರದ ವಿರುದ್ಧ ದಂಗೆ ಏಳುತ್ತಾನೆ. ಅವನ ದಂಡಿಗೆ ದಳವಾಯಿಯೊಬ್ಬ ಮುಖ್ಯಸ್ಥ. ಕೋಟೆಯನ್ನು ಮುತ್ತುವ ಕಂಪನಿ ಪಡೆಯ ಸುಬೇದಾರನೂ ಅದೇ ಊರಿನವನು, ದಳವಾಯಿಯ ಬಾಲ್ಯದ ಗೆಳೆಯ. ಸುಬೇದಾರನ ಪಾತ್ರ ಚಿಕ್ಕಹನುಮಯ್ಯನವರದು.

ಗುಂಡಿಯ ದಾರ ಹಲ್ಲಿನಲ್ಲಿ ಕತ್ತರಿಸಿ ಅವರು ಕೇಳಿದರು: "ಇವನು ಯಾಕೆ ಕಂಪನಿ ಕಡೆ ನಿಂತ ಅಂತ ನೀವು ಬರೆದೇ ಇಲ್ವಲ್ಲ?"

"ದ್ರೋಹಿ ಅಲ್ವೇ?"

"ಅಷ್ಟೇನಾ?" ಎಂದು ಇನ್ನೊಂದು ಗುಂಡಿ ಎತ್ತಿಕೊಂಡರು.

ಆಗ ತಂಡದ ಅಧ್ಯಕ್ಷ ಅಮೀನಪ್ಪನವರು ಬಂದರು. ದಳವಾಯಿಯ ಪಾತ್ರ ಅವರದೇ. ಬಾಗಿಲಲ್ಲೇ ನಿಂತು, "ಏನ್ ಗೇಟು, ಮೇಷ್ಟ್ರ ಹತ್ರಾನೂ ರಿಜಿಸ್ಟರ್‌ಗೆ ಸೈನ್ ಹಾಕಿಸ್ಕೊಂಡ್ಯಾ?" ಎಂದರು. ಎಲ್ಲರೂ ನಕ್ಕರು. ಚಿಕ್ಕಹನುಮಯ್ಯನವರೂ ನಕ್ಕರು, ಸ್ವಲ್ಪ ತಡವಾಗಿ.

'ಗೇಟು' ಎಂಬ ಆ ಅಡ್ಡಹೆಸರಿನ ಹಿಂದಿನ ಕಥೆ ನನಗೆ ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ಇಬ್ಬರೂ ಒಂದೇ ಬೀದಿಯವರು, ಒಂದೇ ಕೆರೆಯಲ್ಲಿ ಈಜು ಕಲಿತವರು. ಹೊಲಗಳೆಲ್ಲ ಸೈಟುಗಳಾದ ಮೇಲೆ ದೀಪಾಂಜಲಿ ನಗರದ ಹತ್ತಿರ ಒಂದೇ ಕಾರ್ಖಾನೆಗೆ ಸೇರಿದರು. ಅಮೀನಪ್ಪ ಯಂತ್ರಕ್ಕೆ, ಚಿಕ್ಕಹನುಮಯ್ಯ ಗೇಟಿಗೆ. ಮೂವತ್ತು ವರ್ಷದ ಹಿಂದೆ ಮುಷ್ಕರವಾಗಿ ಮಾಲೀಕರು ಬೀಗ ಹಾಕಿದರು. ಹೊರಗೆ ಶಾಮಿಯಾನದ ಕೆಳಗೆ ಅಮೀನಪ್ಪ ಮತ್ತು ಇನ್ನೂರು ಜನ. ಒಳಗೆ ಬೀಗದ ಕೈ ಹಿಡಿದು ಚಿಕ್ಕಹನುಮಯ್ಯ. ಅವರ ತಾಯಿಯ ಆಪರೇಷನ್ ಮಾಡಿಸಿದ್ದು ಅದೇ ಮಾಲೀಕರು. ಚಿಕ್ಕಹನುಮಯ್ಯ ಗೇಟು ತೆಗೆಯಲಿಲ್ಲ. ಹದಿನೆಂಟನೆಯ ದಿನ ರಾಜಿಯಾಯಿತು. ಹೆಸರು ಮಾತ್ರ ಉಳಿಯಿತು.

ಸೆಪ್ಟೆಂಬರಿನಲ್ಲಿ ಚಿಕ್ಕಹನುಮಯ್ಯನವರು ನನ್ನನ್ನು ಮೆಟ್ಟಿಲ ಹತ್ತಿರ ಕರೆದರು. "ಒಂದು ಸೀನ್ ಸೇರಿಸಿ ಮೇಷ್ಟ್ರೆ. ಕೋಟೆಯೋರಿಗೆ ನೀರು ಸಿಗಬಾರ್ದು ಅಂತ ಕೆರೆಗೆ ಕಾವಲು ಹಾಕಿದಾರೆ. ಕಾವಲು ಸುಬೇದಾರಂದು. ದಳವಾಯಿ ಬರ್ತಾನೆ. ಸುಬೇದಾರ ಒಂದು ಚೆಂಬು ನೀರು ಕೊಡ್ಲಿ."

"ಆಮೇಲೆ ಕಂಪನಿ ಬಿಟ್ಟು ಬರ್ತಾನಾ?"

"ಇಲ್ಲ. ಕಾವಲಿಗೇ ನಿಲ್ತಾನೆ."

"ಅಂಥದ್ದು ನಾನು ಎಲ್ಲೂ ಓದಿಲ್ಲ ಹನುಮಯ್ಯನೋರೆ."

"ಕದ್ದು ಕೊಟ್ಟ ನೀರನ್ನ ಯಾರು ಬರೆದಿಡ್ತಾರೆ?"

ಮನೆಗೆ ಹೋಗಿ ಬರೆದೆ. ಅವರು ಇಷ್ಟು ವರ್ಷದಲ್ಲಿ ತಂಡದಿಂದ ಕೇಳಿದ್ದು ಅದೊಂದೇ. ಆದರೆ ಅಧ್ಯಕ್ಷರು ಒಪ್ಪದೆ ಯಾವ ದೃಶ್ಯವೂ ನಿಲ್ಲುವಂತಿರಲಿಲ್ಲ.

ಮುಂದಿನ ಭಾನುವಾರ ಓದಿದೆವು. ಅಮೀನಪ್ಪನವರು ಹಾಳೆಯನ್ನು ನೆಲಕ್ಕಿಟ್ಟರು. "ಆಗಲ್ಲ. ದಳವಾಯಿ ಸಾಯ್ತಾನೆ ಹೊರತು ಶತ್ರು ಕೈ ನೀರು ಕುಡಿಯಲ್ಲ. ನಾನಾದ್ರೂ ಕುಡೀತಿರ್ಲಿಲ್ಲ."

ಅವರ ಹೆಂಡತಿ ವಿಮಲಮ್ಮನವರು ಎಲ್ಲರಿಗೂ ಚಿತ್ರಾನ್ನ ತಂದು ಬಡಿಸುತ್ತಿದ್ದರು. ಸೌಟು ಕೈಯಲ್ಲೇ ಇತ್ತು.

"ಕುಡ್ದಿದೀರ ರೀ," ಎಂದರು. "ಹದಿನೆಂಟು ದಿನ ಕುಡ್ದಿದೀರ."

"ಏನೇ ಅದು?"

"ಸ್ಟ್ರೈಕ್‌ನಲ್ಲಿ ಶಾಮಿಯಾನಕ್ಕೆ ನಾನು ದಿನಾ ಬಿಂದಿಗೆ ತರ್ತಿದ್ನಲ್ಲ, ಎಲ್ಲಿಂದ ಅನ್ಕೊಂಡ್ರಿ? ಹಿಂದಿನ ಗೇಟ್ ಕೆಳಗೆ ಹನುಮಯ್ಯಣ್ಣ ಪೈಪ್ ತೂರಿಸ್ತಿದ್ರು. ಮ್ಯಾನೇಜರ್ ಕೇಳಿದ್ರೆ ಗಿಡಕ್ಕೆ ನೀರು ಬಿಡ್ತಿದೀನಿ ಅಂತಿದ್ರು. ಆ ಕಡೆ ಒಂದು ಗಿಡಾನೂ ಇರ್ಲಿಲ್ಲ."

"ಬೋರ್‌ವೆಲ್ ಇರೋ ಮನೆಯಿಂದ ಅಂದಿದ್ದೆ ನೀನು!"

"ನಿಜ ಹೇಳಿದ್ರೆ ನೀವು ಕುಡೀತಿದ್ರಾ? ಮೊದ್ಲೇ ಶುಗರ್ ಇರೋ ಬಾಡಿ. ಹನುಮಯ್ಯಣ್ಣಂಗೂ ಹೇಳ್ಬೇಡಿ ಅಂದಿದ್ದೆ. ಗೊತ್ತಾದ್ರೆ ಅವರ ಕೆಲ್ಸ ಹೋಗ್ತಿತ್ತು. ಆಮೇಲೆ ಹೇಳೋಕೆ ನನಗೇ ಧೈರ್ಯ ಬರ್ಲಿಲ್ಲ."

ಕೆಳಗೆ ಗಿರಣಿ ನಿಂತಿತು. ಚಿಕ್ಕಹನುಮಯ್ಯನವರು ಕೋಟಿನ ತೋಳನ್ನು ನೋಡುತ್ತ ಕುಳಿತಿದ್ದರು. ಅಮೀನಪ್ಪನವರು ಹಾಳೆ ಎತ್ತಿಕೊಂಡು ಧೂಳು ಒರೆಸಿ, "ಮೇಷ್ಟ್ರೆ, ಚೆಂಬು ತಾಮ್ರದ್ದಾ ಹಿತ್ತಾಳೆದಾ?" ಎಂದು ಕೇಳಿದರು.

ರಾಜ್ಯೋತ್ಸವದ ಸಂಜೆ ಮೈದಾನ ತುಂಬಿತ್ತು. ಸುಬೇದಾರ ಚೆಂಬು ನೀಡಿದ. ದಳವಾಯಿ ಒಂದು ಗುಟುಕು ಕುಡಿದು ಮಾತು ಶುರುಮಾಡಬೇಕು ಎಂದು ನಾನು ಬರೆದಿದ್ದೆ. ಅಮೀನಪ್ಪನವರು ಇಡೀ ಚೆಂಬು ಬರಿದು ಮಾಡಿದರು. ಹಾರ್ಮೋನಿಯಂ ಮೇಷ್ಟ್ರು ಕಾದರು, ನಾನು ಪರದೆಯ ಹಿಂದೆ ಮಾತು ಎತ್ತಿಕೊಟ್ಟೆ, ಅವರಿಗೆ ಅವಸರವಿರಲಿಲ್ಲ. ಖಾಲಿ ಚೆಂಬನ್ನು ಹಿಂದಕ್ಕೆ ಕೊಟ್ಟು, ಬರೆಯದ ಮಾತೊಂದನ್ನು ಆಡಿದರು: "ತಣ್ಣಗಿದೆ ಕಣೋ ಹನುಮ."

ನಾಟಕದಲ್ಲಿ ಸುಬೇದಾರನ ಹೆಸರು ಹನುಮ ಅಲ್ಲ. ಯಾರೂ ಅದನ್ನು ತಪ್ಪೆಂದು ಹೇಳಲಿಲ್ಲ. ಮುಂದಿನದೆಲ್ಲ ಬರೆದಂತೆಯೇ ನಡೆಯಿತು: ದಳವಾಯಿ ಕೋಟೆಗೆ ಹಿಂದಿರುಗಿದ, ಸುಬೇದಾರ ಕಾವಲಿಗೆ ನಿಂತ.

ಆ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ. ಚಿಕ್ಕಹನುಮಯ್ಯನವರು ಅದರ ಗೇಟಿನಲ್ಲಿ ಬೆಳಗಿನ ಪಾಳಿ ಮಾಡುತ್ತಾರೆ. ಭಾನುವಾರ ರಜೆ ಹಾಕಿ, ಅಮೀನಪ್ಪನವರ ಸ್ಕೂಟರಿನ ಹಿಂದೆ ಕುಳಿತು ಗಿರಣಿಯ ಕೋಣೆಗೆ ತಾಲೀಮಿಗೆ ಬರುತ್ತಾರೆ.